ಮೂತ್ರದ ರಿಪೋರ್ಟಲ್ಲಿ ಮೂಳೆಯ ಲೆಕ್ಕ: ನಿಮ್ಮ ಪ್ರಶ್ನೆ, ಲ್ಯಾಬ್ ಡಾಕ್ಟರ ಉತ್ತರ

ಹೋದ ತಿಂಗಳು ಡೆಕ್ಸಾ ಸ್ಕ್ಯಾನ್ (ಮೂಳೆಯ ಸಾಂದ್ರತೆ ಎಷ್ಟುಂಟು ಅಂತ ಎಕ್ಸ್-ರೇಯಲ್ಲಿ ಅಳೆಯುದು) ಬಗ್ಗೆ ಬರೆದದ್ದೇ ತಡ, ಮಂಗಳೂರು, ಉಡುಪಿ ಕಡೆಯಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ಇನ್ನೊಂದು ವಿಷಯ ಹಿಡ್ಕೊಂಡು ಬಂದಿವೆ. ಮೂತ್ರ ಪರೀಕ್ಷೆ ಮಾಡಿ ಮೂಳೆ ಎಷ್ಟು ಕರಗ್ತಾ ಉಂಟು ಅಂತ ಹೇಳುವ ಟೆಸ್ಟ್ ಉಂಟಲ್ಲ, ಅದು. ಪ್ಯಾಕೇಜಿನ ಒಟ್ಟಿಗೆ ಸೇರಿ ಬಂದದ್ದು ಕೆಲವರಿಗೆ, ಡಾಕ್ಟ್ರು ಬರೆದುಕೊಟ್ಟದ್ದು ಕೆಲವರಿಗೆ, ಆದ್ರೆ ಕೈಯಲ್ಲಿರುವ ಸಂಖ್ಯೆಗೆ ಅರ್ಥ ಎಂತ ಅಂತ ಯಾರೂ ಕೂತು ಹೇಳಿಲ್ಲ. ಹಾಗಾಗಿ ಈ ಸಲದ ಪುಟ ಪೂರ್ತಿ ಅದಕ್ಕೇ ಇಟ್ಟಿದ್ದೇನೆ.

ಪ್ರಶ್ನೆ: ಮೇಡಂ, ನನಗೆ 54 ವರ್ಷ, ಮುಟ್ಟು ನಿಂತು ಐದು ವರ್ಷ ಆಯ್ತು. ಮಗಳು ಬೆಂಗಳೂರಲ್ಲಿ ಕೂತು ಯಾವುದೋ ಹೆಲ್ತ್ ಪ್ಯಾಕೇಜ್ ಬುಕ್ ಮಾಡಿದ್ಲು, ಮನೆಗೇ ಬಂದು ರಕ್ತ, ಮೂತ್ರ ತಗೊಂಡು ಹೋದ್ರು. ರಿಪೋರ್ಟಲ್ಲಿ ಯೂರಿನ್ ಎನ್‌ಟಿಎಕ್ಸ್ 78 ಅಂತ ಉಂಟು. ಪಕ್ಕದಲ್ಲಿ 65ರ ಒಳಗೆ ನಾರ್ಮಲ್ ಅಂತ ಕೊಟ್ಟು ದಪ್ಪ ಅಕ್ಷರದಲ್ಲಿ ಹೈ ಅಂತ ಹಾಕಿದ್ದಾರೆ. ಪಕ್ಕದ ಮನೆಯವರು ನಿಮ್ಮ ಮೂಳೆ ಟೊಳ್ಳಾಗಿದೆ, ಇನ್ನು ಕೊಡಪಾನ ಎತ್ತಬೇಡಿ ಅಂತ ಹೆದರಿಸಿ ಹೋಗಿದ್ದಾರೆ. ನಿದ್ದೆ ಬರುದಿಲ್ಲ. ಹೌದಾ ಅದು? (ಗೃಹಿಣಿ, ಕಾರ್ಕಳ)

ಉತ್ತರ: ಅಮ್ಮ, ಮೊದಲು ಹೆದರಿಕೆ ಬಿಡಿ. ಆ ಒಂದು ಸಂಖ್ಯೆ ನೋಡಿ ಮೂಳೆ ಟೊಳ್ಳಾಗಿದೆ ಅಂತ ನಾನೂ ಹೇಳ್ಲಿಕ್ಕೆ ಆಗುದಿಲ್ಲ, ನಿಮ್ಮ ಪಕ್ಕದ ಮನೆಯವರೂ ಹೇಳ್ಲಿಕ್ಕೆ ಆಗುದಿಲ್ಲ. ಯಾಕಂದ್ರೆ ಅದು ಅಳೆಯುವ ವಿಷಯವೇ ಬೇರೆ.

ಮೂಳೆ ಅಂದ್ರೆ ಒಮ್ಮೆ ಕಟ್ಟಿ ಮುಗಿದ ವಸ್ತು ಅಲ್ಲ, ಅದು ಜೀವ ಇರುವ ಭಾಗ. ಹಳೇ ಮೂಳೆಯನ್ನು ಕರಗಿಸ್ಲಿಕ್ಕೆ ಒಂದು ಜಾತಿಯ ಜೀವಕೋಶ ಉಂಟು, ಆಸ್ಟಿಯೋಕ್ಲಾಸ್ಟ್ ಅಂತ, ಆ ಜಾಗದಲ್ಲಿ ಹೊಸತು ಹಾಕ್ಲಿಕ್ಕೆ ಇನ್ನೊಂದು ಜಾತಿ ಉಂಟು, ಆಸ್ಟಿಯೋಬ್ಲಾಸ್ಟ್ ಅಂತ. ದೊಡ್ಡವರಲ್ಲಿ ವರ್ಷಕ್ಕೆ ಸಾಧಾರಣ ಶೇ. 10ರಷ್ಟು ಮೂಳೆ ಹೀಗೆ ಹೊಸತಾಗ್ತಾ ಇರ್ತದೆ. ಮೂಳೆಯಲ್ಲಿ ಸುಣ್ಣದಂಶ ಮಾತ್ರ ಅಲ್ಲ, ಒಳಗೆ ಟೈಪ್ 1 ಕೊಲಾಜೆನ್ ಅಂತ ಒಂದು ಪ್ರೊಟೀನಿನ ನಾರು ಉಂಟು, ಮೂಳೆಯ ಪ್ರೊಟೀನಿನಲ್ಲಿ ಶೇ. 90ರಷ್ಟು ಅದೇ. ಈ ನಾರುಗಳ ತುದಿಯನ್ನು ಒಂದಕ್ಕೊಂದು ಬಿಗಿದು ಕಟ್ಟಿರ್ತದೆ. ಹಳೇ ಮೂಳೆ ಕರಗುವಾಗ ಆ ಕಟ್ಟು ಇರುವ ತುಂಡುಗಳು ಹಾಗೇ ಬಿಡಿಸಿಕೊಂಡು ರಕ್ತಕ್ಕೆ ಬಂದು, ಕಿಡ್ನಿ ದಾಟಿ ಮೂತ್ರದಲ್ಲಿ ಹೊರಗೆ ಹೋಗ್ತವೆ. ಎನ್‌ಟಿಎಕ್ಸ್ ಅಂದ್ರೆ ಅಂಥ ಒಂದು ತುಂಡು. ಸಿಟಿಎಕ್ಸ್ ಅಂದ್ರೆ ನಾರಿನ ಇನ್ನೊಂದು ತುದಿಯದ್ದು. ಡಿಪಿಡಿ ಅಂತ ಬರೆದಿದ್ರೆ ಅದು ಆ ಕಟ್ಟು ಮಾತ್ರ. ಮೂತ್ರದಲ್ಲಿ ಈ ತುಂಡುಗಳು ಜಾಸ್ತಿ ಕಂಡ್ರೆ ಈಗ ಸದ್ಯಕ್ಕೆ ಮೂಳೆ ಕರಗುವ ವೇಗ ಜಾಸ್ತಿ ಉಂಟು ಅಂತ ಅರ್ಥ, ಅಷ್ಟೇ.

ನಮ್ಮ ಕಡೆಯ ಬಾವಿಯನ್ನೇ ತಗೊಳ್ಳಿ. ಏಪ್ರಿಲ್ ತಿಂಗಳಲ್ಲಿ ಹಗ್ಗ ಇಳಿಸಿ ಎಷ್ಟು ನೀರುಂಟು ಅಂತ ನೋಡುದು ಒಂದು ಲೆಕ್ಕ, ಪಂಪು ಗಂಟೆಗೆ ಎಷ್ಟು ನೀರು ಎಳೀತಾ ಉಂಟು ಅಂತ ನೋಡುದು ಬೇರೆ ಲೆಕ್ಕ. ಡೆಕ್ಸಾ ಸ್ಕ್ಯಾನ್ ಮೊದಲನೇದು, ಮೂತ್ರದ ಟೆಸ್ಟ್ ಎರಡನೇದು. ನಿಮ್ಮ ಪಂಪು ಸ್ವಲ್ಪ ಜೋರು ಓಡ್ತಾ ಉಂಟು ಅಂತ ಗೊತ್ತಾಗಿದೆ, ನೀರು ಎಷ್ಟುಂಟು ಅಂತ ಯಾರೂ ಇನ್ನೂ ನೋಡಿಯೇ ಇಲ್ಲ.

ಇನ್ನೊಂದು ವಿಷಯ, ಇದನ್ನು ರಿಪೋರ್ಟಲ್ಲಿ ಸರಿಯಾಗಿ ಬರೆಯುದಿಲ್ಲ ಅಂತ ನನಗೆ ಬೇಜಾರುಂಟು. ಆ 65 ಅನ್ನುವ ಗಡಿ ಸಾಮಾನ್ಯವಾಗಿ ಮುಟ್ಟು ನಿಲ್ಲದ ಹೆಂಗಸರದ್ದು. ಮುಟ್ಟು ನಿಂತ ಮೇಲೆ ಈಸ್ಟ್ರೋಜನ್ ಅನ್ನುವ ಹೆಂಗಸರ ಹಾರ್ಮೋನ್ ಇಳೀತದೆ, ಕರಗಿಸುವ ಕೋಶಗಳಿಗೆ ತಡೆ ಇಲ್ಲದ ಹಾಗಾಗ್ತದೆ, ಮೊದಲ ಕೆಲವು ವರ್ಷ ಬೆನ್ನುಮೂಳೆಯಲ್ಲಿ ವರ್ಷಕ್ಕೆ ಶೇ. 2-3ರ ತನಕ ಕಡಿಮೆ ಆಗುದುಂಟು. ಅಂದ್ರೆ ನಿಮ್ಮ ವಯಸ್ಸಿನ ತುಂಬಾ ಜನರಿಗೆ ಈ ಟೆಸ್ಟ್ ಮಾಡಿದ್ರೆ ಹೈ ಅಂತಲೇ ಬರ್ತದೆ. ಅದಕ್ಕೆ ಬೆಲೆ ಇಲ್ಲ ಅಂತಲ್ಲ, ಆದ್ರೆ ಅದು ಕಾಯಿಲೆಯ ಹೆಸರಲ್ಲ.

ಈಗ ಎಂತ ಮಾಡುದು? ಒಂದು ಡೆಕ್ಸಾ ಮಾಡಿಸಿ, ಸೊಂಟದ ಕೀಲಿನದ್ದು ಮತ್ತು ಬೆನ್ನಿನದ್ದು ಎರಡೂ. ಅದರಲ್ಲಿ ಟಿ-ಸ್ಕೋರ್ ಅಂತ ಬರ್ತದೆ, ಪ್ರಾಯದವರ ಮೂಳೆಗೆ ಹೋಲಿಸಿ ಕೊಡುವ ಸಂಖ್ಯೆ ಅದು. ಮೈನಸ್ 1ಕ್ಕಿಂತ ಮೇಲೆ ಇದ್ರೆ ನಾರ್ಮಲ್, ಮೈನಸ್ 1ರಿಂದ ಮೈನಸ್ 2.5ರ ಮಧ್ಯೆ ಇದ್ರೆ ಸ್ವಲ್ಪ ಕಡಿಮೆ, ಮೈನಸ್ 2.5 ಅಥವಾ ಅದಕ್ಕಿಂತ ಕೆಳಗೆ ಹೋದ್ರೆ ಆಸ್ಟಿಯೋಪೊರೋಸಿಸ್. ವಿಶ್ವ ಆರೋಗ್ಯ ಸಂಸ್ಥೆ 1994ರಲ್ಲಿ ಹಾಕಿಕೊಟ್ಟ ಗಡಿ ಇದು, ಇವತ್ತಿಗೂ ಇದೇ ನಡೀತಾ ಉಂಟು. ಹಾಲ್‌ಗಳಲ್ಲಿ ಫ್ರೀ ಕ್ಯಾಂಪ್ ಅಂತ ಹಿಮ್ಮಡಿ ಇಟ್ಟು ನೋಡುವ ಮೆಷಿನ್ ಉಂಟಲ್ಲ, ಅದು ಅಲ್ಟ್ರಾಸೌಂಡ್, ಅದರ ಸ್ಕೋರಿಗೆ ಈ ಗಡಿ ಹಾಕಿ ನೋಡ್ಲಿಕ್ಕಿಲ್ಲ.

ಒಟ್ಟಿಗೆ ರಕ್ತದಲ್ಲಿ ಟಿಎಸ್‌ಎಚ್ (ಥೈರಾಯ್ಡಿನ ಟೆಸ್ಟ್), ಕ್ಯಾಲ್ಸಿಯಂ, ವಿಟಮಿನ್ ಡಿ, ಕ್ರಿಯಾಟಿನಿನ್ (ಕಿಡ್ನಿಯ ಟೆಸ್ಟ್) ಒಮ್ಮೆ ನೋಡಿಸಿ. ಥೈರಾಯ್ಡ್ ಗುಳಿಗೆ ತಗೊಳ್ಳುವವರಾದ್ರೆ ಡೋಸ್ ಹೆಚ್ಚಾಗಿದ್ರೂ ಎನ್‌ಟಿಎಕ್ಸ್ ಏರ್ತದೆ, ಉಬ್ಬಸಕ್ಕೋ ಸಂಧಿವಾತಕ್ಕೋ ಸ್ಟಿರಾಯ್ಡ್ ಗುಳಿಗೆ ತುಂಬಾ ದಿನ ತಗೊಂಡಿದ್ರೆ ಅದನ್ನು ಡಾಕ್ಟ್ರಿಗೆ ಹೇಳಲೇಬೇಕು. ಸಂಖ್ಯೆ ಗಡಿಯ ಎರಡು-ಮೂರು ಪಟ್ಟು ಇದ್ರೆ ಪ್ಯಾರಾಥೈರಾಯ್ಡ್ (ರಕ್ತದ ಕ್ಯಾಲ್ಸಿಯಂ ನೋಡಿಕೊಳ್ಳುವ ಕುತ್ತಿಗೆಯ ಗ್ರಂಥಿ) ತೊಂದ್ರೆ, ಬೇರೆ ಕಡೆಯ ಕ್ಯಾನ್ಸರ್ ಮೂಳೆಗೆ ಹಬ್ಬಿದ್ದು ಇಂಥದ್ದೆಲ್ಲ ಯೋಚನೆ ಮಾಡ್ಬೇಕಾಗ್ತದೆ, ನಿಮ್ಮದು 78, ಅಲ್ಲಿಯ ತನಕ ಹೋಗುವ ಸಂಖ್ಯೆ ಅಲ್ಲ. ಕೊಡಪಾನದ ವಿಷಯ: ಡೆಕ್ಸಾ ಬರುವ ತನಕ ಸೊಂಟ ಬಗ್ಗಿಸಿ ಎತ್ತುವ ಬದಲು ಮಂಡಿ ಮಡಚಿ ಎತ್ತಿ. ಕೆಲಸ ಬಿಟ್ಟು ಕೂತ್ರೆ ಮೂಳೆ ಇನ್ನೂ ಬೇಗ ಇಳೀತದೆ.

ಪ್ರಶ್ನೆ: ಒಂದು ಲ್ಯಾಬಿನವರು ಬೆಳಿಗ್ಗೆ ಎದ್ದ ಕೂಡಲೇ ಮಾಡಿದ ಮೊದಲ ಮೂತ್ರ ಬೇಕು ಅಂದ್ರು, ಇನ್ನೊಬ್ಬರು ಎರಡನೇದು ಬೇಕು ಅಂದ್ರು, ಮೂರನೇ ಕಡೆ ಸಂಜೆ ನಾಲ್ಕಕ್ಕೆ ಬಂದ್ರೂ ಆಗ್ತದೆ ಅಂದ್ರು. ಯಾವುದು ಸರಿ? (ನಿವೃತ್ತ ಶಿಕ್ಷಕರು, ಉಡುಪಿ)

ಉತ್ತರ: ಸರ್, ನೀವು ಕೇಳಿದ್ದು ಸಣ್ಣ ಪ್ರಶ್ನೆ ಅಂತ ಅನ್ನಿಸಬಹುದು, ಆದ್ರೆ ಈ ಟೆಸ್ಟ್ ಹಾಳಾಗುದು ಹೆಚ್ಚಾಗಿ ಇಲ್ಲೇ, ಮೆಷಿನಲ್ಲಿ ಅಲ್ಲ.

ಮೂಳೆ ಕರಗುವ ಕೆಲಸ ದಿನವಿಡೀ ಒಂದೇ ಸಮ ನಡೆಯುದಿಲ್ಲ. ನಡುರಾತ್ರಿ ಕಳೆದ ಮೇಲೆ ಏರಿ ಬೆಳಗಿನ ಜಾವಕ್ಕೆ ಜೋರಾಗ್ತದೆ, ಮಧ್ಯಾಹ್ನ ದಾಟುವಾಗ ಇಳೀತದೆ. ಹಾಗಾಗಿ ಬೆಳಿಗ್ಗೆ ಕೊಟ್ಟ ಸ್ಯಾಂಪಲಿನ ಸಂಖ್ಯೆಯನ್ನು ಸಂಜೆ ನಾಲ್ಕರ ಸಂಖ್ಯೆಗೆ ಹೋಲಿಸಿದ್ರೆ ಮದ್ದು ಕೆಲಸ ಮಾಡಿದೆ ಅಂತ ಸುಮ್ಮನೆ ಖುಷಿ ಪಡ್ಬೇಕಾಗ್ತದೆ. ಹೆಚ್ಚಿನ ಕಡೆ ಒಪ್ಪಿದ ಕ್ರಮ ಅಂದ್ರೆ ಬೆಳಗಿನ ಎರಡನೇ ಮೂತ್ರ. ಎದ್ದ ಕೂಡಲೇ ಮಾಡಿದ್ದರಲ್ಲಿ ರಾತ್ರಿ ಪೂರ್ತಿ ಸೇರಿದ್ದು ಇರ್ತದೆ, ಯಾರು ಎಷ್ಟು ಗಂಟೆಗೆ ಮಲಗಿದ್ರು, ರಾತ್ರಿ ಎಷ್ಟು ಸಲ ಎದ್ರು ಅನ್ನುದರ ಮೇಲೆ ಬದಲಾಗ್ತದೆ. ಅದನ್ನು ಬಿಟ್ಟು, ಒಂದು ಲೋಟ ನೀರು ಕುಡಿದು, ಏನೂ ತಿನ್ನದೆ, ಒಂದೆರಡು ಗಂಟೆ ಕಳೆದು ಮಾಡಿದ್ದನ್ನು ಡಬ್ಬಿಗೆ ಹಿಡೀಬೇಕು. ಡಬ್ಬಿಯ ಮೇಲೆ ಹೆಸರಿನ ಒಟ್ಟಿಗೆ ಗಂಟೆಯನ್ನೂ ಬರೆಸಿ, ಲ್ಯಾಬಿನ ಹುಡುಗ ಕೇಳದಿದ್ರೆ ನೀವೇ ಹೇಳಿ ಬರೆಸಿ. ಮುಂದಿನ ಸಲ ಅದೇ ಗಂಟೆಗೇ ಕೊಡ್ಬೇಕಲ್ಲ.

ಡಿಪಿಡಿ ಟೆಸ್ಟ್ ಆದ್ರೆ ಇನ್ನೊಂದು ಜಾಗ್ರತೆ ಬೇಕು. ಆ ವಸ್ತು ಬಿಸಿಲಿಗೆ ಒಡೆದು ಹೋಗ್ತದೆ. ಸ್ಯಾಂಪಲ್ ಕಿಟಕಿ ಪಕ್ಕದ ಮೇಜಿನ ಮೇಲೆ ಮಧ್ಯಾಹ್ನದ ತನಕ ಕೂತ್ರೆ ಸಂಖ್ಯೆ ಕಡಿಮೆ ಬರ್ತದೆ, ಕಾಯಿಲೆ ಇದ್ದವರಿಗೆ ನಾರ್ಮಲ್ ಅಂತ ರಿಪೋರ್ಟ್ ಹೋಗ್ತದೆ. ನಮ್ಮ ಊರಿನ ಹೆಚ್ಚಿನ ಸಣ್ಣ ಲ್ಯಾಬುಗಳಲ್ಲಿ ಈ ಟೆಸ್ಟ್ ಅಲ್ಲೇ ಮಾಡುದಿಲ್ಲ, ಸ್ಯಾಂಪಲ್ ತಗೊಂಡು ಹೊರಗಿನ ದೊಡ್ಡ ಲ್ಯಾಬಿಗೆ ಕಳಿಸ್ತಾರೆ. ಅದು ತಪ್ಪಲ್ಲ, ಆದ್ರೆ ಫಾಯಿಲ್ ಸುತ್ತಿ ಅಥವಾ ಬಣ್ಣದ ಡಬ್ಬಿಯಲ್ಲಿ ಐಸ್ ಬಾಕ್ಸಿಗೆ ಹಾಕ್ತೀರಾ ಅಂತ ಕೇಳುದಕ್ಕೆ ನಿಮಗೆ ಹಕ್ಕುಂಟು. ದುಡ್ಡು ಕೊಡುದು ನೀವು.

ರಿಪೋರ್ಟಲ್ಲಿ ಕ್ರಿಯಾಟಿನಿನ್ ಅಂತ ಯಾಕೆ ಬರ್ತದೆ ಅಂತಲೂ ಬರೆದಿದ್ರಿ. ನೀರು ಜಾಸ್ತಿ ಕುಡಿದ ದಿನ ಮೂತ್ರ ತೆಳು, ಮೇ ತಿಂಗಳ ಬೆವರಿಗೆ ಅದೇ ಮೂತ್ರ ದಪ್ಪ, ಸುಮ್ಮನೆ ಅಳೆದ್ರೆ ಲೆಕ್ಕ ತಪ್ತದೆ. ಸ್ನಾಯುವಿಂದ ದಿನಾ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಹೊರಗೆ ಹೋಗುವ ವಸ್ತು ಕ್ರಿಯಾಟಿನಿನ್, ಹಾಗಾಗಿ ಅದಕ್ಕೆ ಭಾಗಿಸಿ ಕೊಡ್ತಾರೆ. ಇದರಲ್ಲೂ ಒಂದು ತೊಡಕುಂಟು: ತುಂಬಾ ಸೊರಗಿದ ವಯಸ್ಸಾದವರಲ್ಲಿ ಸ್ನಾಯು ಕಡಿಮೆ, ಕ್ರಿಯಾಟಿನಿನ್ ಕಡಿಮೆ, ಭಾಗಿಸಿದಾಗ ಎನ್‌ಟಿಎಕ್ಸ್ ಇರುದಕ್ಕಿಂತ ಹೆಚ್ಚು ಕಾಣ್ತದೆ.

24 ಗಂಟೆಯ ಮೂತ್ರ ಕೇಳಿದ್ರೆ ಮೊದಲ ದಿನ ಬೆಳಿಗ್ಗೆ ಎದ್ದ ಕೂಡಲೇ ಮಾಡಿದ್ದನ್ನು ಚೆಲ್ಲಿ ಗಂಟೆ ಬರೆದಿಡಿ, ಆಮೇಲಿಂದ ಪ್ರತಿಯೊಂದನ್ನೂ ಕ್ಯಾನಿಗೆ ಹಾಕಿ, ಮರುದಿನ ಅದೇ ಗಂಟೆಯದ್ದನ್ನೂ ಸೇರಿಸಿ ಕೊಡಿ. ಮಧ್ಯೆ ಮದುವೆಗೆ ಹೋಗಿ ಒಂದು ಸಲ ಬಿಟ್ಟು ಹೋದ್ರೆ ಆ ದಿನದ್ದು ಬಿಟ್ಟು ಹೊಸತಾಗಿ ಶುರು ಮಾಡಿ, ಮುಚ್ಚಿಟ್ಟು ಕೊಡ್ಬೇಡಿ.

ಪ್ರಶ್ನೆ: ನಾನು ಲ್ಯಾಬ್ ಟೆಕ್ನಿಷಿಯನ್ ಆಗಿ ರಿಟೈರ್ ಆದವ. ನಾವು ಹಿಂದೆ ಮೂತ್ರದಲ್ಲಿ ಹೈಡ್ರಾಕ್ಸಿಪ್ರೋಲಿನ್ ನೋಡ್ತಿದ್ದೆವು. ಈಗಿನದ್ದು ಅದೇ ಟೆಸ್ಟಿಗೆ ಹೊಸ ಹೆಸರಾ? (ಓದುಗರು, ಕುಂದಾಪುರ)

ಉತ್ತರ: ಅಲ್ಲ ಅಣ್ಣ, ತುಂಬಾ ದೂರ ಬಂದಿದೆ. ಹೈಡ್ರಾಕ್ಸಿಪ್ರೋಲಿನ್ ಎಲ್ಲಾ ಕೊಲಾಜೆನಿನಲ್ಲೂ ಇರ್ತದೆ, ಚರ್ಮದ್ದೂ ಬರ್ತದೆ, ಹೊಸ ಮೂಳೆ ಕಟ್ಟುವಾಗಲೂ ಬರ್ತದೆ, ಅದು ಸಾಲದು ಅಂತ ಹಿಂದಿನ ದಿನ ಮಟನ್ ಕಾಲು ಸೂಪು ಕುಡಿದಿದ್ರೆ ಅದರ ಜೆಲಾಟಿನ್‌ನದ್ದೂ ಸೇರಿ ಬರ್ತಿತ್ತು. ಪೇಶಂಟಿಗೆ ಮಾಂಸ, ಮೀನು, ಜೆಲ್ಲಿ ಎಲ್ಲ ನಿಲ್ಲಿಸಿ ಅಂತ ಹೇಳ್ತಿದ್ದದ್ದು ನಿಮಗೆ ನೆನಪಿರಬಹುದು. ಕೊಲಾಜೆನ್ ನಾರುಗಳ ನಡುವಿನ ಕಟ್ಟು ಮಾತ್ರ ಹಿಡಿಯುವ ದಾರಿ ಸಿಕ್ಕಿದ ಮೇಲೆ ಈ ರಗಳೆ ಹೋಯ್ತು, ಯಾಕಂದ್ರೆ ಆ ಕಟ್ಟು ಬಲಿತ ನಾರು ಒಡೆದಾಗ ಮಾತ್ರ ಹೊರಗೆ ಬರ್ತದೆ. ಅಮೆರಿಕದ ಸಿಯಾಟಲ್‌ನಲ್ಲಿರುವ ವಾಷಿಂಗ್ಟನ್ ವಿಶ್ವವಿದ್ಯಾಲಯದ ಡೇವಿಡ್ ಐರ್ ಮತ್ತು ಅವರ ಒಟ್ಟಿಗಿದ್ದವರು 1992ರಲ್ಲಿ ಮೂತ್ರದ ಎನ್‌ಟಿಎಕ್ಸ್ ಟೆಸ್ಟನ್ನು ಪ್ರಕಟಿಸಿದ್ರು. ನೀವು ಕುದಿಸಿ, ಬಣ್ಣ ಬರಿಸಿ, ಗಂಟೆಗಟ್ಟಲೆ ಮಾಡಿದ ಕೆಲಸವನ್ನು ಈಗ ಆಂಟಿಬಾಡಿ ಹಾಕಿದ ಪ್ಲೇಟ್ ಮಾಡ್ತದೆ.

ಈಗ ಮೂತ್ರಕ್ಕಿಂತ ರಕ್ತದ ಕಡೆಗೆ ವಾಲಿದ್ದಾರೆ ಅನ್ನುದೂ ನಿಜ. 2011ರಲ್ಲಿ ಅಂತರರಾಷ್ಟ್ರೀಯ ಆಸ್ಟಿಯೋಪೊರೋಸಿಸ್ ಫೌಂಡೇಶನ್ನಿನವರು ಮತ್ತು ಕ್ಲಿನಿಕಲ್ ಕೆಮಿಸ್ಟ್ರಿಯವರ ಅಂತರರಾಷ್ಟ್ರೀಯ ಒಕ್ಕೂಟದವರು ಸೇರಿ, ಎಲ್ಲಾ ಕಡೆ ಒಂದೇ ಅಳತೆಗೋಲು ಇರಲಿ ಅಂತ, ಮೂಳೆ ಕರಗುದಕ್ಕೆ ರಕ್ತದ ಸಿಟಿಎಕ್ಸ್, ಮೂಳೆ ಕಟ್ಟುದಕ್ಕೆ ರಕ್ತದ ಪಿ1ಎನ್‌ಪಿ ಇಟ್ಟುಕೊಳ್ಳಿ ಅಂತ ಹೇಳಿದ್ರು. ಆದ್ರೆ ರಕ್ತದ ಸಿಟಿಎಕ್ಸ್ ತಿಂಡಿ ತಿಂದ ಕೂಡಲೇ ಇಳೀತದೆ, ಖಾಲಿ ಹೊಟ್ಟೆ ಬೇಕೇ ಬೇಕು. ಮೂತ್ರದ್ದಕ್ಕೆ ಊಟದ ತೊಂದ್ರೆ ಅಷ್ಟಿಲ್ಲ, ಸೂಜಿಯೂ ಬೇಡ, ಹಾಸಿಗೆ ಹಿಡಿದ ಅಜ್ಜಿಯಿಂದಲೂ ತಗೊಳ್ಳಬಹುದು. ನನ್ನ ಅಭಿಪ್ರಾಯದಲ್ಲಿ ಎರಡಕ್ಕೂ ಜಾಗ ಉಂಟು, ಮಧ್ಯದಲ್ಲಿ ಒಂದರಿಂದ ಇನ್ನೊಂದಕ್ಕೆ ಹಾರಬಾರದು ಅಷ್ಟೇ.

ಪ್ರಶ್ನೆ: ಅಮ್ಮನಿಗೆ 67. ಡೆಕ್ಸಾದಲ್ಲಿ ಮೈನಸ್ 2.9 ಬಂತು. ವಾರಕ್ಕೊಂದು ಅಲೆಂಡ್ರೊನೇಟ್ 70 ಮಿಲಿಗ್ರಾಂ ಗುಳಿಗೆ ಶುರು ಮಾಡಿ ನಾಲ್ಕು ತಿಂಗಳಾಯ್ತು. ಮೂತ್ರದ ಎನ್‌ಟಿಎಕ್ಸ್ ಮೊದಲು 72 ಇತ್ತು, ಈಗ 66. ಡಾಕ್ಟ್ರು ಇನ್ನೂ ನೋಡಿಲ್ಲ, ಅಪಾಯಿಂಟ್‌ಮೆಂಟ್ ಮುಂದಿನ ವಾರ. ಇಳಿದಿದೆ ಅಂತ ಖುಷಿ ಪಡುದಾ? (ಬ್ಯಾಂಕ್ ಉದ್ಯೋಗಿ, ಸುರತ್ಕಲ್)

ಉತ್ತರ: ಈ ಟೆಸ್ಟ್ ನಿಜವಾಗಿ ಬೇಕಾಗುದು ನಿಮ್ಮಂಥವರಿಗೇ. ಡೆಕ್ಸಾದಲ್ಲಿ ಮದ್ದಿನ ಫಲ ಕಾಣ್ಲಿಕ್ಕೆ ಒಂದು-ಎರಡು ವರ್ಷ ಬೇಕು, ಎನ್‌ಟಿಎಕ್ಸ್ ಮೂರರಿಂದ ಆರು ತಿಂಗಳಲ್ಲೇ ಹೇಳ್ತದೆ. ಗುಳಿಗೆ ಸರಿಯಾಗಿ ಒಳಗೆ ಹೋಗಿದ್ರೆ ಸಾಧಾರಣ ಅರ್ಧದ ಹತ್ತಿರ ಇಳೀಬೇಕು.

ಅಮ್ಮನ ಲೆಕ್ಕ ನೋಡಿ. 72ರಿಂದ 66ಕ್ಕೆ, ಆರು ಇಳಿದದ್ದು, ಶೇ. 8 ಆಯ್ತು. ಒಬ್ಬರದ್ದೇ ಮೂತ್ರವನ್ನು ಮದ್ದೇ ಇಲ್ಲದೆ ಬೇರೆ ಬೇರೆ ದಿನ ನೋಡಿದ್ರೂ ಇಷ್ಟು ಏರುಪೇರು ಆಗ್ತದೆ, ಇದಕ್ಕಿಂತ ಜಾಸ್ತಿಯೂ ಆಗ್ತದೆ. ಮೂತ್ರದ ಎನ್‌ಟಿಎಕ್ಸಿನಲ್ಲಿ ಕಡಿಮೆ ಅಂದ್ರೂ ಶೇ. 30-40 ಬದಲಾವಣೆ ಕಂಡ್ರೆ ಮಾತ್ರ ಇದು ಮದ್ದಿಂದ ಆದದ್ದು ಅಂತ ಧೈರ್ಯವಾಗಿ ಹೇಳಬಹುದು. 72 ಇದ್ದದ್ದು 40ರ ಸುತ್ತ ಬಂದಿದ್ರೆ ನಾನೂ ಖುಷಿ ಪಡ್ತಿದ್ದೆ. ಈಗ ಇರುದು ಏನೂ ಬದಲಾಗದ ಹಾಗೆಯೇ.

ಆದ್ರೆ ಮದ್ದು ಸರಿ ಇಲ್ಲ ಅಂತ ತೀರ್ಮಾನ ಮಾಡುವ ಮೊದಲು ಅಮ್ಮ ಆ ಗುಳಿಗೆಯನ್ನು ಹೇಗೆ ನುಂಗ್ತಾರೆ ಅಂತ ಒಂದು ವಾರ ಒಟ್ಟಿಗೆ ಕೂತು ನೋಡಿ. ಬೆಳಿಗ್ಗೆ ಚಾದ ಒಟ್ಟಿಗಾ? ರಾಗಿ ಮಾಲ್ಟ್ ಕುಡಿದು ಆದ ಮೇಲಾ? ಕ್ಯಾಲ್ಸಿಯಂ ಗುಳಿಗೆ, ಅಲೆಂಡ್ರೊನೇಟ್ ಎರಡೂ ಒಟ್ಟಿಗಾ? ಹಾಗಾದ್ರೆ ಅದು ಹೊಟ್ಟೆಯಿಂದ ಹೀರಿಕೊಳ್ಳುದೇ ಇಲ್ಲ. ಖಾಲಿ ಹೊಟ್ಟೆಯಲ್ಲೇ ಶೇ. 1ಕ್ಕಿಂತ ಕಡಿಮೆ ಹೀರಿಕೊಳ್ಳುವ ಮದ್ದು ಅದು, ಹಾಲು-ಚಾ ಸೇರಿದ್ರೆ ಅದೂ ಇಲ್ಲ. ಎದ್ದ ಕೂಡಲೇ ಒಂದು ದೊಡ್ಡ ಲೋಟ ಬರೀ ನೀರಲ್ಲಿ ನುಂಗಿ, ಕಡಿಮೆ ಅಂದ್ರೂ ಅರ್ಧ ಗಂಟೆ ಏನೂ ತಿನ್ನದೆ ಕುಡಿಯದೆ, ಮಲಗದೆ ಕೂತಿರಬೇಕು ಇಲ್ಲ ನಡೀತಾ ಇರಬೇಕು. ಮಲಗಿದ್ರೆ ಅನ್ನನಾಳಕ್ಕೆ ಹುಣ್ಣು ಆಗುವ ಅಪಾಯ. ಎಷ್ಟೋ ಮನೆಗಳಲ್ಲಿ ಸೊಸೆಯೋ ಮಗಳೋ ಭಾನುವಾರ ಚಾ ತಟ್ಟೆಯ ಪಕ್ಕ ಈ ಗುಳಿಗೆ ಇಟ್ಟು ಹೋಗ್ತಾರೆ, ಪ್ರೀತಿಯಿಂದಲೇ, ಮದ್ದು ಮಾತ್ರ ಹಾಳು.

ವಾರ ಮರೆತು ಹೋಗುದೂ ಉಂಟು, ಸ್ಟ್ರಿಪ್ ತೆಗೆದು ಎಷ್ಟು ಉಳಿದಿದೆ ಅಂತ ಎಣಿಸಿ. ಇದೆಲ್ಲ ಸರಿ ಇದ್ದೂ ಇಳೀದಿದ್ರೆ ವಿಟಮಿನ್ ಡಿ ನೋಡಿಸಿ, ಎರಡೂ ಸ್ಯಾಂಪಲ್ ಒಂದೇ ಲ್ಯಾಬಾ, ಒಂದೇ ಗಂಟೆಯಾ ಅಂತ ನೋಡಿ, ಆಮೇಲೆ ಡಾಕ್ಟ್ರ ಹತ್ತಿರ ವರ್ಷಕ್ಕೊಂದು ಸಲ ಹಾಕುವ ಜೊಲೆಡ್ರೊನಿಕ್ ಆಸಿಡ್ ಡ್ರಿಪ್ ಬಗ್ಗೆ ಕೇಳಿ. ಗುಳಿಗೆ ನೀವಾಗಿಯೇ ನಿಲ್ಲಿಸ್ಲಿಕ್ಕಿಲ್ಲ.

ಪ್ರಶ್ನೆ: ಮಾವನಿಗೆ 74 ವರ್ಷ. ಆರು ತಿಂಗಳಿಗೊಮ್ಮೆ ಹಾಕುವ ಡೆನೊಸುಮ್ಯಾಬ್ ಇಂಜೆಕ್ಷನ್ ಎರಡು ವರ್ಷ ಹಾಕಿಸಿದೆವು. ಸ್ಕ್ಯಾನ್ ಚೆನ್ನಾಗಿ ಬಂತು ಅಂತ ಬಿಟ್ಟೆವು, ಕೊನೇದು ಹಾಕಿ ಒಂಬತ್ತು ತಿಂಗಳಾಯ್ತು. ಈಗ ಹದಿನೈದು ದಿನದಿಂದ ಬೆನ್ನು ನೋವು. ಮೂತ್ರ ಟೆಸ್ಟ್ ಮಾಡಿಸಿ ನೋಡುದಾ? (ಓದುಗರು, ಮಲ್ಪೆ)

ಉತ್ತರ: ಮೂತ್ರ ಟೆಸ್ಟಿಗೆ ಕಾಯ್ಬೇಡಿ. ಈ ಪುಟ ಓದಿದ ದಿನವೇ ಅವರನ್ನು ಕರ್ಕೊಂಡು ಹೋಗಿ ಬೆನ್ನಿನ ಎಕ್ಸ್-ರೇ ತೆಗೆಸಿ, ಇಂಜೆಕ್ಷನ್ ಬಿಟ್ಟ ತಾರೀಕು ಡಾಕ್ಟ್ರಿಗೆ ಹೇಳಿ. ಈ ಇಂಜೆಕ್ಷನ್ ಮೂಳೆ ಕರಗಿಸುವ ಕೋಶಗಳನ್ನು ಬಿಗಿಯಾಗಿ ಹಿಡಿದಿಟ್ಟಿರ್ತದೆ, ಆರು ತಿಂಗಳ ಅವಧಿ ಮುಗಿದ ಮೇಲೆ ಹಿಡಿತ ಸಡಿಲಾಗಿ ಅವೆಲ್ಲ ಒಟ್ಟಿಗೆ ಎದ್ದು ಬರ್ತವೆ. ಆ ಹೊತ್ತಿಗೆ ಸಿಟಿಎಕ್ಸ್, ಎನ್‌ಟಿಎಕ್ಸ್ ಎಲ್ಲ ಮದ್ದು ಶುರು ಮಾಡುವ ಮೊದಲು ಇದ್ದದ್ದಕ್ಕಿಂತಲೂ ಮೇಲೆ ಹೋಗ್ತವೆ, ಎರಡು ವರ್ಷ ಗಳಿಸಿದ್ದು ಕೆಲವೇ ತಿಂಗಳಲ್ಲಿ ಹೋಗ್ತದೆ, ಕೆಲವರಿಗೆ ಬೆನ್ನುಮೂಳೆ ಒಂದಲ್ಲ, ಎರಡು-ಮೂರು ಕಡೆ ಕುಸೀತದೆ. ಬೀಳಬೇಕಂತ ಇಲ್ಲ, ಬಗ್ಗಿದ್ರೂ ಸಾಕು.

ಸ್ಕ್ಯಾನ್ ಚೆನ್ನಾಗಿ ಬಂದ್ರೂ ಈ ಇಂಜೆಕ್ಷನನ್ನು ಸುಮ್ಮನೆ ಬಿಡ್ಲಿಕ್ಕಿಲ್ಲ, ಬಿಡುದಾದ್ರೆ ಅದರ ಜಾಗಕ್ಕೆ ಬೇರೆ ಮದ್ದು ಕೊಟ್ಟೇ ಬಿಡ್ಬೇಕು, ಈ ಮಾತನ್ನು ಮೊದಲನೇ ಇಂಜೆಕ್ಷನ್ ಹಾಕುವ ದಿನವೇ ಮನೆಯವರಿಗೆ ಕೂರಿಸಿ ಹೇಳ್ಬೇಕು. ಓದುಗರಲ್ಲಿ ಯಾರ ಮನೆಯಲ್ಲಿ ಈ ಇಂಜೆಕ್ಷನ್ ನಡೀತಾ ಉಂಟೋ ಅವರೆಲ್ಲ ಮುಂದಿನ ತಾರೀಕನ್ನು ಇವತ್ತೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಒಂದು ತಿಂಗಳು ತಡ ಆಗ್ಲಿಕ್ಕೂ ಬಿಡ್ಬೇಡಿ ದಯವಿಟ್ಟು.

ಪ್ರಶ್ನೆ: ಎರಡೂ ಮೊಣಕಾಲು ನೋವು, ಸವೆದಿದೆ ಅಂದಿದ್ದಾರೆ. ಮೂತ್ರ ಟೆಸ್ಟ್ ಮಾಡಿಸಿದ್ರೆ ಎಷ್ಟು ಸವೆದಿದೆ ಅಂತ ಗೊತ್ತಾಗ್ತದಾ? (ಬೀಡಿ ಕಟ್ಟುವವರು, ಬಂಟ್ವಾಳ)

ಉತ್ತರ: ಇಲ್ಲ ಅಕ್ಕ. ನಿಮ್ಮದು ಕೀಲಿನ ಮೇಲಿರುವ ಮೆದುವಾದ ಪದರ ಸವೆದದ್ದು, ಈ ಟೆಸ್ಟ್ ಅದನ್ನು ಹೇಳುದಿಲ್ಲ, ದುಡ್ಡು ಹಾಕ್ಬೇಡಿ. ಮೂಳೆ ಸಾಂದ್ರತೆ ಕಡಿಮೆಯಾಗುವಾಗ ಮೂಳೆ ಮುರಿಯುವ ತನಕ ನೋವೇ ಇರುದಿಲ್ಲ. ಆದ್ರೆ ಬೆಳಿಗ್ಗೆಯಿಂದ ಸಂಜೆ ತನಕ ಒಳಗೆ ಕೂತು ಕೆಲಸ ಮಾಡುವವರು ನೀವು, ಬಿಸಿಲು ಬೀಳುದು ಕಡಿಮೆ, ವಿಟಮಿನ್ ಡಿ ಒಂದು ನೋಡಿಸಿ.

ಪ್ರಶ್ನೆ: ನನಗೆ 19. ಜಿಮ್‌ನಲ್ಲಿ ಹೇಳಿದ್ರು ಅಂತ ಪ್ಯಾಕೇಜ್ ಮಾಡಿಸಿದೆ, ಸಿಟಿಎಕ್ಸ್ ತುಂಬಾ ಹೈ ಬಂದಿದೆ. ಕೂದಲಿಗೆ ಬಯೋಟಿನ್ ಕ್ಯಾಪ್ಸೂಲ್ ಕೂಡ ತಗೊಳ್ತಾ ಇದ್ದೇನೆ. (ವಿದ್ಯಾರ್ಥಿ, ಮಣಿಪಾಲ)

ಉತ್ತರ: ನಿಮ್ಮ ಪ್ರಾಯದಲ್ಲಿ ಮೂಳೆ ಇನ್ನೂ ಕಟ್ಟುತ್ತಾ ಉಂಟು, ಕಟ್ಟುವಾಗ ಕರಗುದೂ ಜೋರೇ. ದೊಡ್ಡವರ ಗಡಿ ಹಾಕಿ ನೋಡಿದ್ರೆ ಹೈ ಬರುದು ಸಹಜ. ಮಗುವಿಗೆ ಹಾಲುಣಿಸುವ ತಾಯಂದಿರಿಗೂ ಹೀಗೇ ಬರ್ತದೆ. ಬಯೋಟಿನ್ ವಿಷಯ ನೀವು ಹೇಳಿದ್ದು ಒಳ್ಳೇದಾಯ್ತು, ಕೆಲವು ಮೆಷಿನುಗಳು ಬಯೋಟಿನ್ ಬಳಸಿಯೇ ಅಳತೆ ಮಾಡುದು, ರಕ್ತದಲ್ಲಿ ಅದು ಜಾಸ್ತಿ ಇದ್ರೆ ಸಂಖ್ಯೆಯೇ ತಪ್ಪು ಬರ್ತದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2017ರಲ್ಲಿ ಇದರ ಬಗ್ಗೆ ಎಚ್ಚರಿಕೆ ಕೊಟ್ಟಿತ್ತು. ಥೈರಾಯ್ಡ್ ಟೆಸ್ಟಿಗೂ ಇದೇ ತೊಂದ್ರೆ. ಯಾವ ಟೆಸ್ಟಿಗೆ ಹೋಗುವಾಗಲೂ ಎರಡು-ಮೂರು ದಿನ ಮೊದಲು ನಿಲ್ಲಿಸಿ, ಲ್ಯಾಬಿನಲ್ಲೂ ಹೇಳಿ. ಸಿಟಿಎಕ್ಸ್ ಪುನಃ ಮಾಡಿಸುವ ಅಗತ್ಯ ಇಲ್ಲ.

ಪ್ರಶ್ನೆ: ಮೂರು ವರ್ಷದಿಂದ ಮೂಳೆಯ ಗುಳಿಗೆ ತಗೊಳ್ತಿದ್ದೇನೆ. ಹಲ್ಲು ಕೀಳ್ಬೇಕು. ಸಿಟಿಎಕ್ಸ್ 150ರ ಮೇಲೆ ಬಂದ್ರೆ ಮಾತ್ರ ಕೀಳ್ತೇನೆ ಅಂತ ಡೆಂಟಿಸ್ಟ್ ಹೇಳಿದ್ರು. (ಓದುಗರು, ಮಂಗಳೂರು)

ಉತ್ತರ: ಅವರು ನಿಮ್ಮ ಕಾಳಜಿಯಿಂದಲೇ ಹೇಳಿದ್ದು. ಈ ಗುಳಿಗೆ ತಗೊಳ್ಳುವವರಿಗೆ ಹಲ್ಲು ಕಿತ್ತ ಜಾಗದ ದವಡೆ ಮೂಳೆ ಒಣಗದೆ ಸಾಯುವ ತೊಂದ್ರೆ ಬರ್ಲಿಕ್ಕುಂಟು, ಅದಕ್ಕೆ 150 ಅನ್ನುವ ಗಡಿಯನ್ನು ಹಿಂದೆ ಒಬ್ಬರು ಸೂಚಿಸಿದ್ರು. ಆಮೇಲೆ ನೋಡಿದ್ರೆ ಆ ಸಂಖ್ಯೆಯಿಂದ ಯಾರಿಗೆ ಬರ್ತದೆ ಯಾರಿಗಿಲ್ಲ ಅಂತ ಹೇಳ್ಲಿಕ್ಕೆ ಆಗುದಿಲ್ಲ ಅಂತ ಗೊತ್ತಾಯ್ತು. ಆಸ್ಟಿಯೋಪೊರೋಸಿಸಿಗೆ ಕೊಡುವ ಡೋಸಲ್ಲಿ ಈ ತೊಂದ್ರೆ ತೀರಾ ಅಪರೂಪ, ಕ್ಯಾನ್ಸರಿಗೆ ಕೊಡುವ ದೊಡ್ಡ ಡೋಸಲ್ಲಿ ಜಾಸ್ತಿ. ಕೀವು ತುಂಬಿದ ಹಲ್ಲನ್ನು ಸಂಖ್ಯೆಗೋಸ್ಕರ ಬಾಯಲ್ಲಿ ಇಟ್ಟುಕೊಳ್ಳುದೇ ಹೆಚ್ಚು ಅಪಾಯ. ಗುಳಿಗೆ ಕೊಟ್ಟ ಡಾಕ್ಟ್ರು, ಡೆಂಟಿಸ್ಟ್ ಇಬ್ಬರೂ ಫೋನಲ್ಲಿ ಒಮ್ಮೆ ಮಾತಾಡಿದ್ರೆ ವಿಷಯ ಮುಗೀತದೆ, ನೀವೇ ನಂಬರ್ ಕೊಟ್ಟು ಮಾತಾಡಿಸಿ.

ಪ್ರಶ್ನೆ: ಮದ್ದು ಬೇಡ, ಊಟದಲ್ಲೇ ಎನ್‌ಟಿಎಕ್ಸ್ ಇಳಿಸುದು ಹೇಗೆ? ಕುಚ್ಚಲಕ್ಕಿ ಗಂಜಿ, ಮೀನು, ತರಕಾರಿ ತಿನ್ನುವವರು ನಾವು. (ಓದುಗರು, ಪುತ್ತೂರು)

ಉತ್ತರ: ಊಟದಲ್ಲಿ ಕ್ಯಾಲ್ಸಿಯಂ ಕಡಿಮೆ ಆದ್ರೆ ಪ್ಯಾರಾಥೈರಾಯ್ಡ್ ಹಾರ್ಮೋನ್ ಏರಿ ಮೂಳೆಯಿಂದ ಎಳೀತದೆ, ಆಗ ಎನ್‌ಟಿಎಕ್ಸ್ ಏರ್ತದೆ. ಕೊರತೆ ಇದ್ದವರು ಸರಿ ಮಾಡಿಕೊಂಡ್ರೆ ಸ್ವಲ್ಪ ಇಳೀತದೆ, ಗುಳಿಗೆಯಷ್ಟು ಅಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2020ರಲ್ಲಿ ಹೇಳಿದ್ದು ದೊಡ್ಡವರಿಗೆ ದಿನಕ್ಕೆ 1000 ಮಿಲಿಗ್ರಾಂ, ಮುಟ್ಟು ನಿಂತವರಿಗೆ 1200. ಗಂಜಿ ಎಷ್ಟು ಒಳ್ಳೇದಾದ್ರೂ ಅಕ್ಕಿಯಲ್ಲಿ ಕ್ಯಾಲ್ಸಿಯಂ ತುಂಬಾ ಕಡಿಮೆ. 100 ಗ್ರಾಂ ರಾಗಿಯಲ್ಲಿ 350ರ ಸುತ್ತ ಉಂಟು, ಒಂದು ಲೋಟ ಹಾಲಲ್ಲಿ 240ರ ಹತ್ತಿರ. ಮೀನಿನ ವಿಷಯ ಹೇಳ್ಬೇಕಾದ್ರೆ ಬಂಗುಡೆ, ಅಂಜಲಿನ ಮಾಂಸದಲ್ಲಿ ಅಷ್ಟೇನೂ ಇಲ್ಲ, ಕ್ಯಾಲ್ಸಿಯಂ ಇರುದು ಮುಳ್ಳಲ್ಲಿ, ಬೊಳೆಂಜಿರ್ ಥರದ ಸಣ್ಣ ಮೀನು ಮುಳ್ಳು ಸಮೇತ ಅಗಿದು ತಿಂದ್ರೆ ಸಿಗ್ತದೆ. ಮೀನು ತಿನ್ನದವರಿಗೆ ಎಳ್ಳು, ಮೊಸರು, ಹರಿವೆ ಸೊಪ್ಪು.

ಜೂನಿಂದ ಸೆಪ್ಟೆಂಬರ್ ತನಕ ನಮ್ಮಲ್ಲಿ ಬಿಸಿಲೇ ಕಾಣುದಿಲ್ಲ, ವಿಟಮಿನ್ ಡಿ 20ಕ್ಕಿಂತ ಕೆಳಗೆ ಇದ್ರೆ ಡಾಕ್ಟ್ರು 60,000 ಯೂನಿಟ್ ಬರೀತಾರೆ. ಅದು ವಾರಕ್ಕೊಂದು. ದಿನಾ ಅಲ್ಲ. ದಿನಾ ತಗೊಂಡು ಕ್ಯಾಲ್ಸಿಯಂ ಏರಿ ಕಿಡ್ನಿಗೆ ಪೆಟ್ಟು ಬಿದ್ದವರನ್ನು ನೋಡಿ ಹೇಳ್ತಿದ್ದೇನೆ, ಚೀಟಿ ಎರಡು ಸಲ ಓದಿ.

ಮತ್ತೆ, ನಿಮ್ಮ ಟಿ-ಸ್ಕೋರ್ ಬರೆದಿಲ್ಲ. ಮೈನಸ್ 2.5ಕ್ಕಿಂತ ಕೆಳಗೆ ಇದ್ರೆ ಮದ್ದು ಬೇಡ ಅನ್ನುವ ಹಟ ಮಾಡ್ಬೇಡಿ.

ಪ್ರಶ್ನೆ: ಅತ್ತೆಗೆ 81. ಕಳೆದ ತಿಂಗಳು ಅಂಗಳದಲ್ಲಿ ಜಾರಿ ಕೈಯ ಮಣಿಕಟ್ಟು ಮುರೀತು. ಪ್ಲಾಸ್ಟರ್ ಹಾಕಿದ್ದಾರೆ. ಈಗ ಎನ್‌ಟಿಎಕ್ಸ್ ಮಾಡಿಸ್ಬೇಕಾ? (ಓದುಗರು, ಕಾಪು)

ಉತ್ತರ: ಈಗ ಬೇಡ. ಮುರಿದ ಮೂಳೆ ಕೂಡುವಾಗ ಕರಗುದು, ಕಟ್ಟುದು ಎರಡೂ ಜೋರು ನಡೀತದೆ, ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷದ ತನಕ ಸಂಖ್ಯೆ ಏರಿಯೇ ಇರ್ತದೆ. ಅದನ್ನು ನೋಡಿ ಎಂತದ್ದೂ ತಿಳಿಯುದಿಲ್ಲ.

ನಿಂತ ಎತ್ತರದಿಂದ ಬಿದ್ದದ್ದಕ್ಕೇ ಮುರೀತು ಅಂದ್ರೆ ಮೂಳೆ ದುರ್ಬಲ ಉಂಟು ಅನ್ನುದಕ್ಕೆ ಅದೇ ಸಾಕ್ಷಿ. ಪ್ಲಾಸ್ಟರ್ ತೆಗೆಯುವ ದಿನ ಆರ್ಥೋ ಡಾಕ್ಟ್ರ ಹತ್ತಿರ ಕೈ ಸರಿ ಆಯ್ತು, ಮೂಳೆಗೆ ಮದ್ದು ಯಾವಾಗ ಶುರು ಅಂತ ನೀವೇ ಬಾಯಿ ಬಿಟ್ಟು ಕೇಳಿ, ಕೇಳದಿದ್ರೆ ಆ ಮಾತು ಅಲ್ಲಿಗೇ ಬಿಟ್ಟು ಹೋಗ್ತದೆ. ಈಗ ಮಣಿಕಟ್ಟು ಮುರಿದವರಿಗೆ ಮುಂದೆ ಸೊಂಟದ ಕೀಲು ಮುರಿಯುವ ಸಾಧ್ಯತೆ ಬೇರೆಯವರಿಗಿಂತ ಜಾಸ್ತಿ, 81ರಲ್ಲಿ ಅದು ಆದ್ರೆ ಏಳುದು ಕಷ್ಟ. ಡೆಕ್ಸಾ, ಕಿಡ್ನಿಯ ಕ್ರಿಯಾಟಿನಿನ್, ವಿಟಮಿನ್ ಡಿ, ಇಷ್ಟು ಸಾಕು ಮದ್ದು ಆರಿಸ್ಲಿಕ್ಕೆ. ಮದ್ದು ಹಿಡೀತಾ ಉಂಟಾ ಅಂತ ಮುಂದೆ ನೋಡುದಾದ್ರೂ ಈ ಮುರಿತದ ಲೆಕ್ಕ ಮನಸ್ಸಲ್ಲಿಟ್ಟು ಓದ್ಬೇಕಾಗ್ತದೆ, ಹಾಗಾಗಿ ಬಿದ್ದ ತಾರೀಕನ್ನು ಫೈಲಿನಲ್ಲಿ ಬರೆದಿಡಿ.

ಮಳೆ ಇನ್ನೂ ನಿಂತಿಲ್ಲ. ಅಂಗಳದ ಪಾಚಿಗೆ ಬ್ಲೀಚಿಂಗ್ ಪೌಡರ್ ಹಾಕಿ ಉಜ್ಜಿ ತೆಗೆಸಿ, ಬಚ್ಚಲಿಗೆ ಹೋಗುವ ದಾರಿಯಲ್ಲಿ ಮಡಲು ಹಾಸಿ, ಒಳಗೆ ಗೋಡೆಗೆ ಒಂದು ಸ್ಟೀಲ್ ಹಿಡಿ ಹಾಕಿಸಿ, ರಾತ್ರಿ ಒಂದು ಸಣ್ಣ ಬಲ್ಬ್ ಉರೀತಾ ಇರಲಿ. ಅತ್ತೆ ನಿದ್ದೆ ಗುಳಿಗೆ ತಗೊಳ್ತಾ ಇದ್ರೆ ಅದನ್ನೂ ಡಾಕ್ಟ್ರಿಗೆ ತೋರಿಸಿ.